ಓಟ ಕಡಿಮೆ ಇರುವ ಹುಡುಗ ಮಿಡ್‌ಫೀಲ್ಡರ್ ಆಗಬಹುದೇ?

ಪ್ರಶ್ನೆ: ನನ್ನ ಮಗನಿಗೆ 14 ವರ್ಷ. ಫುಟ್‌ಬಾಲ್ ಅಂದರೆ ಪ್ರಾಣ. ಮಿಡ್‌ಫೀಲ್ಡ್‌ನಲ್ಲಿ, ಅಂದರೆ ಮೈದಾನದ ನಡುಭಾಗದಲ್ಲಿ ಆಡುತ್ತಾನೆ, ಪಾಸ್ ಚೆನ್ನಾಗಿ ಕೊಡುತ್ತಾನೆ, ಆದರೆ ಓಟ ಕಡಿಮೆ. "ಇಷ್ಟು ನಿಧಾನ ಆದ್ರೆ ಮುಂದೆ ಕಷ್ಟ" ಅಂತ ಕೋಚ್ ಹೇಳಿದಾಗಿನಿಂದ ಮಂಕಾಗಿದ್ದಾನೆ. ಅವನಿಗೆ ಜರ್ಮನಿಯ ಟೋನಿ ಕ್ರೂಸ್ ಅಂದರೆ ತುಂಬಾ ಇಷ್ಟ. ಕ್ರೂಸ್ ಕೂಡ ಓಟಗಾರ ಅಲ್ಲವಂತೆ. ಹಾಗಿದ್ದೂ ಅಷ್ಟು ದೊಡ್ಡ ಆಟಗಾರ ಆಗಿದ್ದು ಹೇಗೆ?

ಉತ್ತರ: ನಿಮ್ಮ ಮಗ ಸರಿಯಾದ ಆಟಗಾರನನ್ನೇ ಹಿಡಿದಿದ್ದಾನೆ. ಕ್ರೂಸ್ ಕಾಲಿನಲ್ಲಿ ಅಂಥ ವೇಗ ಯಾವತ್ತೂ ಇರಲಿಲ್ಲ. ಅವರ ವೇಗ ಇದ್ದದ್ದು ನೋಟದಲ್ಲಿ. ಚೆಂಡು ಕಾಲಿಗೆ ಬರುವ ಮೊದಲೇ ಅದನ್ನು ಎಲ್ಲಿಗೆ ಕಳಿಸಬೇಕು ಅಂತ ಅವರಿಗೆ ಗೊತ್ತಿರುತ್ತಿತ್ತು.

ಒಂದು ಪಾಸ್ ಹೇಳ್ತೀನಿ, ಮಗನ ಜೊತೆ ಕೂತು ನೋಡಿ. 2024ರ ಏಪ್ರಿಲ್ 30, ಮ್ಯೂನಿಕ್. ಯುರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿ ಚಾಂಪಿಯನ್ಸ್ ಲೀಗ್‌ನ ಸೆಮಿಫೈನಲ್, ಜರ್ಮನಿಯ ಬಯರ್ನ್ ವಿರುದ್ಧ ಕ್ರೂಸ್ ಆಡುತ್ತಿದ್ದ ಸ್ಪೇನ್‌ನ ರಿಯಲ್ ಮ್ಯಾಡ್ರಿಡ್. ಚೆಂಡು ಕ್ರೂಸ್ ಹತ್ತಿರ ಇದೆ. ಮ್ಯಾಡ್ರಿಡ್‌ನ ಮುಂಚೂಣಿ ಆಟಗಾರ ವಿನಿಸಿಯಸ್ ಚೆಂಡು ಬೇಕು ಅನ್ನುವ ಹಾಗೆ ಅವರ ಕಡೆಗೆ ಬರುತ್ತಾರೆ. ಬಯರ್ನ್ ಡಿಫೆಂಡರ್ ಕಿಮ್ ಮಿನ್-ಜೇ ಬೆನ್ನಿಗೇ ಬಂದುಬಿಡುತ್ತಾರೆ. ಕ್ರೂಸ್ ಸುಮ್ನೆ ಕೈ ಎತ್ತಿ ಕಿಮ್ ಬಿಟ್ಟುಬಂದ ಖಾಲಿ ಜಾಗ ತೋರಿಸುತ್ತಾರೆ. ವಿನಿಸಿಯಸ್ ಗಕ್ಕನೆ ತಿರುಗಿ ಓಡುತ್ತಾರೆ. ನೆಲದ ಮೇಲೆ ಹೋದ ಪಾಸ್ ಇಡೀ ಡಿಫೆನ್ಸ್ ಸೀಳಿಕೊಂಡು ಅವರ ಮುಂದೆಯೇ ಬಂದು ಬೀಳುತ್ತದೆ. ಗೋಲು. ಆ ಹೊತ್ತಿನಲ್ಲಿ ಕ್ರೂಸ್ ಹೆಚ್ಚುಕಮ್ಮಿ ನಿಂತಲ್ಲೇ ಇದ್ದರು.

ಇದು ಒಂದು ದಿನದಲ್ಲಿ ಬಂದದ್ದಲ್ಲ. ಕ್ರೂಸ್ ಹುಟ್ಟಿದ್ದು 1990ರ ಜನವರಿಯಲ್ಲಿ, ಬಾಲ್ಟಿಕ್ ಸಮುದ್ರದ ಕಡೆಯ ಗ್ರೈಫ್ಸ್‌ವಾಲ್ಡ್‌ನಲ್ಲಿ. ಆಗ ಅದಿನ್ನೂ ಪೂರ್ವ ಜರ್ಮನಿ. ತಂದೆ ರೋಲಾಂಡ್ ಫುಟ್‌ಬಾಲ್ ಕೋಚ್, ತಾಯಿ ಬ್ಯಾಡ್ಮಿಂಟನ್ ಆಟಗಾರ್ತಿ, ತಮ್ಮ ಫೆಲಿಕ್ಸ್ ಕೂಡ ಫುಟ್‌ಬಾಲ್ ಆಟಗಾರ. ಚಿಕ್ಕಂದಿನಲ್ಲಿ ತಂದೆಯೇ ಹೇಳಿಕೊಟ್ಟವರು. ಎರಡೂ ಕಾಲಲ್ಲಿ ಒಂದೇ ಥರ ಪಾಸ್ ಕೊಡುವ ಆಟಗಾರ ಆಗಿ ಬೆಳೆದರು. ಇದರ ಲಾಭ ದೊಡ್ಡದು. ಒಂದೇ ಕಾಲಿನ ಹುಡುಗ ಚೆಂಡನ್ನು ಆ ಕಾಲಿಗೆ ತಂದುಕೊಳ್ಳುವಷ್ಟರಲ್ಲಿ ಎದುರಾಳಿ ಮೈಮೇಲೆ ಬಂದಿರುತ್ತಾನೆ. ಎರಡೂ ಕಾಲು ಪಳಗಿದವನಿಗೆ ಆ ಒಂದು ಕ್ಷಣ ಉಳಿಯುತ್ತದೆ. ಓಟ ಕಡಿಮೆ ಇರುವವನಿಗೆ ಅದೇ ಬಂಡವಾಳ.

ಹಾಗಂತ ಅವರ ದಾರಿ ನೇರವಾಗಿಯೂ ಇರಲಿಲ್ಲ. 2006ರಲ್ಲಿ, 16ನೇ ವಯಸ್ಸಿಗೆ ಬಯರ್ನ್ ಸೇರಿದರು. 2007ರ ಅಂಡರ್-17 ವಿಶ್ವಕಪ್‌ನಲ್ಲಿ ಅತ್ಯುತ್ತಮ ಆಟಗಾರ. ಅದೇ ಸೆಪ್ಟೆಂಬರ್‌ನಲ್ಲಿ, 17 ವರ್ಷಕ್ಕೇ, ಬಯರ್ನ್‌ನ ದೊಡ್ಡ ತಂಡಕ್ಕೆ ಆಡಿದರು. ಇನ್ನೇನು ಬೇಕು ಅನ್ನಿಸುತ್ತದೆ ಅಲ್ವಾ? ಆದರೆ ಅಲ್ಲಿ ಕಾಯಂ ಜಾಗ ಸಿಗಲಿಲ್ಲ. 2009ರ ಜನವರಿಯಲ್ಲಿ ಜರ್ಮನಿಯದೇ ಇನ್ನೊಂದು ಕ್ಲಬ್ ಬಾಯರ್ ಲೆವರ್ಕೂಸನ್‌ಗೆ ಸಾಲದ ಮೇಲೆ, ಅಂದರೆ ಸ್ವಲ್ಪ ಕಾಲ ಆಡಿ ವಾಪಸ್ ಬರುವ ಹಾಗೆ, ಕಳಿಸಿದರು. ಒಂದೂವರೆ ವರ್ಷ ಅಲ್ಲಿ ದಂಡಿಯಾಗಿ ಆಡಿ, ಗಟ್ಟಿಯಾಗಿ ವಾಪಸ್ ಬಂದರು. ನಿಮ್ಮ ಮಗನಿಗೆ ಈ ಭಾಗವನ್ನು ಎರಡು ಸಲ ಹೇಳಿ.

ತಪ್ಪನ್ನೂ ಮಾಡಿದ್ದಾರೆ. 2018ರ ವಿಶ್ವಕಪ್, ಸೋಚಿ, ಸ್ವೀಡನ್ ಜೊತೆ ಪಂದ್ಯ. ಕ್ರೂಸ್ ಕೊಟ್ಟ ಒಂದು ಕೆಟ್ಟ ಪಾಸ್‌ನಿಂದಲೇ ಸ್ವೀಡನ್ ಗೋಲು ಹೊಡೆಯಿತು. ಆಮೇಲೆ ಅವರು ಚೆಂಡು ಕೇಳುವುದನ್ನು ನಿಲ್ಲಿಸಲಿಲ್ಲ. 1-1 ಆಯಿತು. ಕೊನೆಗೆ ಜರ್ಮನಿ ಹತ್ತೇ ಜನರಲ್ಲಿ ಆಡುತ್ತಿತ್ತು. 95ನೇ ನಿಮಿಷ, ಎಡಗಡೆ ಫ್ರೀ ಕಿಕ್. ಕ್ರೂಸ್ ಚೆಂಡನ್ನು ಮೆಲ್ಲಗೆ ಜೊತೆ ಆಟಗಾರ ರಾಯ್ಸ್ ಕಡೆ ತಳ್ಳಿದರು, ರಾಯ್ಸ್ ಕಾಲಿಟ್ಟು ನಿಲ್ಲಿಸಿದರು, ಕ್ರೂಸ್ ಬಾಗಿಸಿ ದೂರದ ಮೂಲೆಗೆ ಹೊಡೆದರು. ಗೋಲು, ಜರ್ಮನಿ ಗೆದ್ದಿತು. ಆ ವಿಶ್ವಕಪ್‌ನಲ್ಲಿ ಜರ್ಮನಿ ಗುಂಪಿನ ಹಂತದಲ್ಲೇ ಮನೆಗೆ ಹೋಯಿತು ನಿಜ. ಆದರೂ ತನ್ನ ತಪ್ಪಿಂದ ಗೋಲು ಹೋದ ದಿನವೇ ಆ ಫ್ರೀ ಕಿಕ್ ಹೊಡೆಯೋಕೆ ಎಂಥ ಧೈರ್ಯ ಬೇಕು ಯೋಚಿಸಿ.

ಇನ್ನು ನಿಮ್ಮ ಮಗನ ವಿಷಯ. 14 ವರ್ಷಕ್ಕೆ ಮೈ ಇನ್ನೂ ಬೆಳೆಯುತ್ತಿರುತ್ತದೆ. ಕೆಲವರು ಬೇಗ ಬಲಿಯುತ್ತಾರೆ, ಕೆಲವರು ತಡವಾಗಿ. ಈಗಿನ ಓಟವೇ ಕೊನೆಯ ಓಟ ಅಲ್ಲ, ಹಾಗಾಗಿ ಓಟದ ಅಭ್ಯಾಸ ಬಿಡುವುದು ಬೇಡ. ಜೊತೆಗೆ ದಿನಾ ಗೋಡೆಗೆ ಪಾಸ್ ಹೊಡೆಯಲಿ, ಬಲಗಾಲಲ್ಲಿ ಎಷ್ಟೋ ಎಡಗಾಲಲ್ಲೂ ಅಷ್ಟೇ. ಗೋಡೆಯಿಂದ ಚೆಂಡು ವಾಪಸ್ ಬರುವಷ್ಟರಲ್ಲಿ ಒಮ್ಮೆ ಹಿಂದೆ ತಿರುಗಿ ನೋಡಬೇಕು. ನೀವು ಹಿಂದೆ ನಿಂತು ಬೆರಳು ತೋರಿಸಿ, ಎಷ್ಟು ಅಂತ ಅವನು ಹೇಳಲಿ. ಮೊದಮೊದಲು ಚೆಂಡು ತಪ್ಪುತ್ತದೆ. ತಪ್ಪಲಿ ಬಿಡಿ.

ಪ್ರಶ್ನೆ: 2014ರಲ್ಲಿ ವಿಶ್ವಕಪ್ ಗೆದ್ದ ಆಟಗಾರನನ್ನು ಬಯರ್ನ್ ಯಾಕೆ ಬಿಟ್ಟುಕೊಟ್ಟಿತು?

ಉತ್ತರ: ಒಪ್ಪಂದದಲ್ಲಿ ಇನ್ನೊಂದೇ ವರ್ಷ ಉಳಿದಿತ್ತು, ಸಂಬಳದ ಮಾತು ಕೂಡಿಬರಲಿಲ್ಲ. 2014ರ ಜುಲೈ 13ರಂದು ವಿಶ್ವಕಪ್ ಫೈನಲ್, ಅದೇ ತಿಂಗಳ 17ಕ್ಕೆ ಮ್ಯಾಡ್ರಿಡ್! ಅದಕ್ಕೂ ಕೆಲವು ದಿನ ಮುಂಚೆ ಬ್ರೆಜಿಲ್ ವಿರುದ್ಧದ 7-1 ಪಂದ್ಯದಲ್ಲಿ ಎರಡು ನಿಮಿಷದೊಳಗೆ ಎರಡು ಗೋಲು ಹೊಡೆದಿದ್ದರು. ಬಯರ್ನ್ ಮಾಡಿದ್ದು ದೊಡ್ಡ ತಪ್ಪು ಅಂತಲೇ ನನ್ನ ಅಭಿಪ್ರಾಯ. ಮ್ಯಾಡ್ರಿಡ್‌ನಲ್ಲಿ ಕಸೆಮಿರೊ, ಮೊಡ್ರಿಚ್ ಜೊತೆ ಸೇರಿ ಆ ಕಾಲದ ಅತಿ ಒಳ್ಳೆಯ ಮಿಡ್‌ಫೀಲ್ಡ್ ಕಟ್ಟಿದರು. ಅಲ್ಲಿ ಐದು ಚಾಂಪಿಯನ್ಸ್ ಲೀಗ್ ಬಂತು. ಬಯರ್ನ್‌ನ 2013ರದ್ದು ಸೇರಿದರೆ ಆರು.

ಪ್ರಶ್ನೆ: ಅಷ್ಟು ಚೆನ್ನಾಗಿ ಆಡುತ್ತಿರುವಾಗಲೇ 34ಕ್ಕೆ ನಿವೃತ್ತಿ ಯಾಕೆ?

ಉತ್ತರ: ಚೆನ್ನಾಗಿ ಆಡುತ್ತಿರುವಾಗಲೇ ನಿಲ್ಲಿಸಬೇಕು ಅನ್ನುವುದೇ ಅವರ ಆಸೆಯಾಗಿತ್ತು. 2021ರಲ್ಲಿ ಬಿಟ್ಟಿದ್ದ ದೇಶದ ತಂಡಕ್ಕೆ 2024ರಲ್ಲಿ ವಾಪಸ್ ಬಂದರು, ತವರಿನ ಯೂರೋ ಕಪ್‌ಗಾಗಿ. ಅದಕ್ಕೆ ಮುಂಚೆ ಜೂನ್ 1ರಂದು ಲಂಡನ್‌ನ ವೆಂಬ್ಲಿಯಲ್ಲಿ ಜರ್ಮನಿಯ ಡಾರ್ಟ್‌ಮಂಡ್ ವಿರುದ್ಧ ಚಾಂಪಿಯನ್ಸ್ ಲೀಗ್ ಫೈನಲ್. 74ನೇ ನಿಮಿಷಕ್ಕೆ ಕ್ರೂಸ್ ಹೊಡೆದ ಕಾರ್ನರ್ ಎತ್ತರದ ಡಿಫೆಂಡರ್‌ಗಳ ನಡುವೆ ಮ್ಯಾಡ್ರಿಡ್‌ನ ಕುಳ್ಳ ಕಾರ್ವಹಾಲ್ ತಲೆಗೆ ಸಿಕ್ಕಿ ಗೋಲಾಯಿತು. ಪಂದ್ಯ ಮುಗಿಯುವ ಸ್ವಲ್ಪ ಮೊದಲು ಕ್ರೂಸ್ ಹೊರಗೆ ಬಂದಾಗ, ಒಳಗೆ ಹೋದದ್ದು ಹತ್ತು ವರ್ಷ ಪಕ್ಕದಲ್ಲಿ ಆಡಿದ ಮೊಡ್ರಿಚ್. ಯೂರೋ ಕಪ್ ಮಾತ್ರ ಕೈಗೆ ಬರಲಿಲ್ಲ. ಜುಲೈ 5, ಸ್ಟುಟ್‌ಗಾರ್ಟ್, ಸ್ಪೇನ್ ವಿರುದ್ಧ ಕ್ವಾರ್ಟರ್ ಫೈನಲ್, 119ನೇ ನಿಮಿಷದಲ್ಲಿ ಸ್ಪೇನ್‌ನ ಮೆರಿನೊ ತಲೆಯಿಂದ ಹೊಡೆದ ಗೋಲಿಗೆ ಜರ್ಮನಿ ಸೋತಿತು. ಅದೇ ಕ್ರೂಸ್ ಆಡಿದ ಕೊನೆಯ ಪಂದ್ಯ.