ದೊಡ್ಡಪ್ಪ ಕೇಳಿದ ಬಾಲ್‌ಪಾರ್ಕ್

ಪ್ರಶ್ನೆ: ಸರ್, ಕಾಫಿ ತೋಟದ ಸ್ಪ್ರಿಂಕ್ಲರ್ ಬಗ್ಗೆ ಬೆಳೆಗಾರರಿಗಾಗಿ ಒಂದು ಕಿರುಪುಸ್ತಕ ಬರೆಯುತ್ತಿದ್ದೇನೆ. ಅಂದಾಜು ಲೆಕ್ಕ ಹೇಳುವಾಗ ಅಲ್ಲಲ್ಲಿ ‘ಬಾಲ್‌ಪಾರ್ಕ್ ಫಿಗರ್’, ‘ರೂಲ್ ಆಫ್ ಥಂಬ್’ ಅಂತ ಹಾಗೇ ಬರೆದಿದ್ದೆ. ಓದಿದ ದೊಡ್ಡಪ್ಪ, ‘ಇದೇನು ಪಾರ್ಕು, ಹಾಕಿ ಮೈದಾನವಾ?’ ಅಂದರು. ಎಲ್ಲಾ ಕಡೆ ‘ಸುಮಾರು’ ಅಂತ ಹಾಕಿದರೆ ಸಾಕಾ?
– ಓದುಗರು, ಗೋಣಿಕೊಪ್ಪ

ಉತ್ತರ: ದೊಡ್ಡಪ್ಪ ಹತ್ತಿರಕ್ಕೇ ಬಂದಿದ್ದಾರೆ. ಅದು ಮೈದಾನವೇ, ಆದರೆ ಅಮೆರಿಕದವರ ಬೇಸ್‌ಬಾಲ್ ಮೈದಾನ. ನಮ್ಮಲ್ಲಿ ಯಾರು ಆಡುತ್ತಾರೆ ಅದನ್ನ? ತೆಗೆದುಬಿಡಿ.

ಹಾಗಂತ ಎಲ್ಲಾ ಕಡೆ ‘ಸುಮಾರು’ ತುಂಬಬೇಡಿ. ಲೆಕ್ಕ ಯಾವ ಕಡೆಗೆ ತಪ್ಪಬಹುದು ಅನ್ನೋದನ್ನೂ ಹೇಳುವ ಮಾತು ನಮ್ಮಲ್ಲಿದೆ. ನಿಮ್ಮ ನೀರಿನ ಲೆಕ್ಕವನ್ನೇ ನೋಡಿ. ಒಂದು ಎಕರೆ ಅಂದರೆ 4,047 ಚದರ ಮೀಟರ್, ಒಂದು ಇಂಚು ಅಂದರೆ 25.4 ಮಿಲಿಮೀಟರ್, ಎರಡನ್ನೂ ಗುಣಿಸಿದರೆ ಎಕರೆಗೆ ಒಂದು ಇಂಚು ನೀರು ಬೀಳೋಕೆ 1,02,794 ಲೀಟರ್. ಇದನ್ನ ‘ಲಕ್ಷ ಚಿಲ್ಲರೆ’ ಅನ್ನಿ. ಚಿಲ್ಲರೆ ಅಂದಮೇಲೆ ಲಕ್ಷಕ್ಕಿಂತ ಜಾಸ್ತಿಯೇ, ಕಡಿಮೆ ಅಲ್ಲ ಅಂತ ಯಾರಿಗಾದರೂ ಗೊತ್ತಾಗುತ್ತೆ. 98 ಸಾವಿರ ಇದ್ದಿದ್ದರೆ ‘ಲಕ್ಷದ ಹತ್ತಿರ’ ಅನ್ನುತ್ತಿದ್ದೆವು. ಎರಡೂ ಕಡೆ ತೂಗುವುದಾದರೆ ‘ಹೆಚ್ಚುಕಡಿಮೆ’. ಇನ್ನು ‘ನಾಲ್ಕೈದು ದಿನ’ ಅಂದರೆ ಅಂದಾಜು ಬಿಗಿ, ‘ಹತ್ತಿಪ್ಪತ್ತು ದಿನ’ ಅಂದರೆ ಸಡಿಲ. ‘ಸುಮಾರು 1,02,794’ ಅಂತ ಮಾತ್ರ ಬರೆಯಬೇಡಿ ಮಾರಾಯ್ರೇ, ಕೊನೆಯ ನಾಲ್ಕನ್ನೂ ಎಣಿಸಿದ ಮೇಲೆ ಸುಮಾರು ಎಲ್ಲಿಂದ ಬಂತು?

‘ರೂಲ್ ಆಫ್ ಥಂಬ್’ ಬದಲು ‘ರೂಢಿ ಲೆಕ್ಕ’ ಸಾಕು. ‘ಆರ್ಡರ್ ಆಫ್ ಮ್ಯಾಗ್ನಿಟ್ಯೂಡ್’ ಎಲ್ಲಾದರೂ ಇದ್ದರೆ ಹುಷಾರು, ಅದು ಅಂದಾಜಲ್ಲ, ಹತ್ತು ಪಟ್ಟಿನ ಅಳತೆ. ‘ಹತ್ತು ಪಟ್ಟು’ ಅಂತಲೇ ಬರೆಯಿರಿ.

ಇನ್ನೊಂದು, ನೀವು ಕೇಳದೇ ಇದ್ದದ್ದು. ನಮ್ಮ ತೋಟದವರು ಮಳೆಯನ್ನ ಸೆಂಟ್‌ನಲ್ಲಿ ಹೇಳುತ್ತಾರಲ್ವಾ, ಇಂಚಿನ ನೂರರಲ್ಲೊಂದು ಪಾಲು ಒಂದು ಸೆಂಟ್ ಅಂತ. ಅದನ್ನ ಮೊದಲ ಪುಟದಲ್ಲೇ ಬಿಡಿಸಿ ಬರೆಯಿರಿ. ಜಾಗಕ್ಕೂ ಸೆಂಟ್ ಅನ್ನೋದುಂಟು, ಎಕರೆಗೆ ನೂರು. ಒಮ್ಮೆ ನಾನು ಫೋನಿನಲ್ಲಿ ‘ನಿನ್ನೆ ಹೂಮಳೆ ಬಂತು, 50 ಸೆಂಟ್’ ಅಂದೆ. ಪುತ್ತೂರಿನ ಗೆಳೆಯ ಪಾಪ ಕೇಳಿದ: ‘ಅಷ್ಟೇನಾ? ಉಳಿದ ತೋಟಕ್ಕೆ ಬೀಳಲಿಲ್ವಾ?’