ಮೇಲಿನ ಮಹಡಿಗೆ ಪ್ರಿಂಟರ್ ಕಾಣುತ್ತಿಲ್ಲ

ಪ್ರಶ್ನೆ: ನಮ್ಮ ಆಫೀಸಿನ ಕೆಳಮಹಡಿಯಲ್ಲಿ ಹನ್ನೆರಡು ಕಂಪ್ಯೂಟರ್ ಇವೆ. ಮೇಲೆ ಹೊಸದಾಗಿ ಆರು ಹಾಕಿದೆವು, ನಾಲ್ಕು ಕೇಬಲ್‌ನಲ್ಲಿ, ಎರಡು ವೈಫೈನಲ್ಲಿ. ಅದಕ್ಕೆ ಇನ್ನೊಂದು ರೂಟರ್ ತಂದು, ಕೆಳಗಿನ ರೂಟರ್‌ನಿಂದ ಕೇಬಲ್ ಎಳೆದು ಅದರ ವಾನ್ ಪೋರ್ಟಿಗೆ (ಹೊರಗಿನಿಂದ ಇಂಟರ್ನೆಟ್ ಬರುವ ಕಿಂಡಿಗೆ) ಹಾಕಿದ್ದೇವೆ. ಮೇಲೆ ಇಂಟರ್ನೆಟ್ ಬರುತ್ತದೆ. ಆದರೆ ಕೆಳಗಿನ ಪ್ರಿಂಟರ್ ಅವರ ಪಟ್ಟಿಯಲ್ಲಿ ಕಾಣುವುದಿಲ್ಲ. ಮೇಲಿನ ಶೇರ್ಡ್ ಫೋಲ್ಡರ್ ಕೆಳಗಿನವರಿಗೆ ತೆರೆಯುವುದಿಲ್ಲ. ಹೊಸ ರೂಟರ್ ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ, ದಯವಿಟ್ಟು ವಾಪಸ್ ಕೊಡಬೇಡಿ. ವಾನ್ ಪೋರ್ಟಿಗೆ ಕೇಬಲ್ ಹಾಕಿದ ಕೂಡಲೇ ಮೇಲಿನ ಮಹಡಿ ಬೇರೆಯೇ ನೆಟ್‌ವರ್ಕ್ ಆಗಿಬಿಟ್ಟಿದೆ. ಎರಡೂ ಕಡೆ ಒಂದೊಂದು ಕಂಪ್ಯೂಟರಿನಲ್ಲಿ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಆ ಕಂಪ್ಯೂಟರನ್ನು ಗುರುತಿಸುವ ಸಂಖ್ಯೆ) ನೋಡಿ. ಕೆಳಗೆ 192.168.1 ಎಂದು ಶುರುವಾದರೆ, ಮೇಲೆ 192.168.0 ಅಥವಾ ಬೇರೇನೋ ಇರುತ್ತದೆ. ಪ್ರಿಂಟರ್ ಹುಡುಕುವ ಕೂಗು ತನ್ನ ನೆಟ್‌ವರ್ಕಿನೊಳಗೆ ಮಾತ್ರ ಕೇಳಿಸುತ್ತದೆ, ರೂಟರ್ ಅದನ್ನು ಆಚೆ ಬಿಡುವುದಿಲ್ಲ. ಕೆಳಗಿನಿಂದ ಬರುವವರನ್ನಂತೂ ಅದು ಒಳಗೇ ಸೇರಿಸುವುದಿಲ್ಲ.

ನಿಮಗೆ ಬೇಕಾಗಿರುವುದು ಒಂದೇ ನೆಟ್‌ವರ್ಕ್ ಅಲ್ವಾ? ಹಾಗಾದರೆ ಹೊಸ ರೂಟರನ್ನು ಬರೀ ಸ್ವಿಚ್ (ಒಂದೇ ನೆಟ್‌ವರ್ಕಿನ ಕೇಬಲ್‌ಗಳನ್ನು ಜೋಡಿಸುವ ಪೆಟ್ಟಿಗೆ) ಮತ್ತು ವೈಫೈ ಪೆಟ್ಟಿಗೆಯಾಗಿ ಬಳಸಿ. ಅದರ ಸೆಟ್ಟಿಂಗ್‌ನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಇದ್ದರೆ ಅದನ್ನು ಆರಿಸಿದರೆ ಸಾಕು. ಇಲ್ಲದಿದ್ದರೆ ಕೆಳಗಿನಿಂದ ಬಂದ ಕೇಬಲ್ ಬಿಚ್ಚಿ, ಹೊಸ ರೂಟರಿಗೆ ಒಂದೇ ಕಂಪ್ಯೂಟರ್ ಜೋಡಿಸಿಕೊಂಡು ಅದರ ಸೆಟ್ಟಿಂಗ್ ತೆರೆದು ಕೂತುಕೊಳ್ಳಿ. ಕೆಳಗಿನ ರೂಟರ್ 192.168.1.1 ಆಗಿದ್ದರೆ ಹೊಸದಕ್ಕೆ 192.168.1.2 ಎಂಬ ವಿಳಾಸ ಕೊಡಿ. ಆ ಸಂಖ್ಯೆ ಕೆಳಗಿನ ರೂಟರ್ ಹಂಚುವ ಪಟ್ಟಿಯಲ್ಲಿ ಇರಬಾರದು, ಬೇರೆ ಯಾರೂ ಬಳಸುತ್ತಿರಬಾರದು. ಹೊಸ ವಿಳಾಸದಲ್ಲಿ ಮತ್ತೆ ಲಾಗಿನ್ ಆಗಿ ಡಿಎಚ್‌ಸಿಪಿ (ಕಂಪ್ಯೂಟರುಗಳಿಗೆ ತಾನಾಗಿಯೇ ವಿಳಾಸ ಹಂಚುವ ಸೌಲಭ್ಯ) ಆಫ್ ಮಾಡಿ. ಆಮೇಲೆ ಕೆಳಗಿನಿಂದ ಬಂದ ಕೇಬಲನ್ನು ಹೊಸ ರೂಟರಿನ ಲ್ಯಾನ್ ಪೋರ್ಟಿಗೆ (ಕಂಪ್ಯೂಟರುಗಳನ್ನು ಜೋಡಿಸುವ ಕಿಂಡಿಗೆ) ಹಾಕಿ. ವಾನ್ ಪೋರ್ಟ್ ಖಾಲಿ ಇರಲಿ.

ಈ ಡಿಎಚ್‌ಸಿಪಿ ಒಂದನ್ನು ಮಾತ್ರ ಮರೆಯಬೇಡಿ. ಕಂಪ್ಯೂಟರುಗಳಿಗೆ ವಿಳಾಸ ಹಂಚುವವರು ಒಬ್ಬರೇ ಇರಬೇಕು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಆಫೀಸಿನಲ್ಲಿ ಇದನ್ನು ಆಫ್ ಮಾಡದೆ ಬಂದಿದ್ದೆ. ದಿನಾ ಬೆಳಿಗ್ಗೆ ಕೆಲವು ಕಂಪ್ಯೂಟರಿಗೆ ಇಂಟರ್ನೆಟ್ ಇಲ್ಲ, ಮಧ್ಯಾಹ್ನ ಬೇರೆ ಕೆಲವಕ್ಕೆ ಇಲ್ಲ. ಯಾವ ರೂಟರ್ ಮೊದಲು ಉತ್ತರ ಕೊಡುತ್ತದೋ ಆ ವಿಳಾಸ ಹಿಡಿಯುತ್ತಿದ್ದವು. ಮೂರು ದಿನ ಕೇಬಲ್‌ಗಳನ್ನೇ ಬದಲಿಸುತ್ತಾ ಕೂತೆ. ಅಲ್ಲಿನ ಲೆಕ್ಕದವರ ತಿಂಗಳ ಕೊನೆಯ ಕೆಲಸ ನಿಂತಿತ್ತು. ಆ ಬೇಜಾರು ಇನ್ನೂ ಹೋಗಿಲ್ಲ.

ಇನ್ನೊಂದು ಲೆಕ್ಕ ನೋಡಿಕೊಳ್ಳಿ. ಇಂಥ ರೂಟರುಗಳಲ್ಲಿ ಸಾಮಾನ್ಯವಾಗಿ ನಾಲ್ಕೇ ಲ್ಯಾನ್ ಪೋರ್ಟ್ ಇರುತ್ತವೆ. ಒಂದನ್ನು ಕೆಳಗಿನ ಕೇಬಲ್ ತಿಂದರೆ ನಿಮ್ಮ ನಾಲ್ಕು ಕಂಪ್ಯೂಟರಿಗೆ ಮೂರೇ ಉಳಿಯುತ್ತವೆ. ಎಂಟು ಪೋರ್ಟಿನ ಸ್ವಿಚ್ ತಂದು ಕೆಳಗಿನ ಕೇಬಲ್, ಹೊಸ ರೂಟರ್, ಕಂಪ್ಯೂಟರುಗಳು ಎಲ್ಲವನ್ನೂ ಅದಕ್ಕೇ ಹಾಕಿ. ಇನ್ನೂ ಎರಡಕ್ಕೆ ಜಾಗ ಇರುತ್ತದೆ. ಆದರೆ ಒಂದೇ ಕೇಬಲಿನ ಎರಡೂ ತುದಿ ಆ ಸ್ವಿಚ್‌ಗೇ ಹೋಗದಂತೆ ನೋಡಿ. ಹೋದರೆ ಒಂದೇ ಸಂದೇಶ ಸುತ್ತುತ್ತಾ ಇಡೀ ಆಫೀಸಿನ ನೆಟ್‌ವರ್ಕ್ ಮಲಗಿಬಿಡುತ್ತದೆ. ಮಹಡಿಗಳ ನಡುವಿನ ಕೇಬಲ್ 100 ಮೀಟರ್ ದಾಟದಿದ್ದರೆ ಸಾಕು.

ಪ್ರಿಂಟರಿನ ವಿಳಾಸ ಬದಲಾಗದಂತೆ ಕೆಳಗಿನ ರೂಟರಿನಲ್ಲೇ ಅದಕ್ಕೊಂದು ವಿಳಾಸ ಕಾಯ್ದಿರಿಸಿ.

ಮುಂದೆ ಬಂದುಹೋಗುವವರಿಗೆ ವೈಫೈ ಕೊಡಬೇಕಾದರೆ ಈಗ ಇರುವ ಹಾಗೆ ಎರಡನೇ ರೂಟರಿನ ಹಿಂದೆ ಅವರನ್ನು ಕೂರಿಸಬೇಡಿ. ಅಲ್ಲಿಂದ ನಿಮ್ಮ ಕೆಳಗಿನ ಕಂಪ್ಯೂಟರುಗಳತ್ತ ದಾರಿ ತೆರೆದೇ ಇರುತ್ತದೆ. ಮುಖ್ಯ ರೂಟರಿನಲ್ಲಿ ಗೆಸ್ಟ್ ನೆಟ್‌ವರ್ಕ್ (ಅತಿಥಿಗಳಿಗೆಂದೇ ಬೇರೆಯಾಗಿ ಇಡುವ ವೈಫೈ) ಸೌಲಭ್ಯ ಇದೆಯೇ ನೋಡಿ, ಅದನ್ನೇ ಆನ್ ಮಾಡಿ ಕೊಡಿ.