ಸ್ವಯಂಸೇವಕರ ಆಂಬುಲೆನ್ಸ್‌ನಿಂದ ಜೀವ ಉಳಿಯುತ್ತದೆಯೇ?

ಜನರೇ ಸೇರಿಕೊಂಡು ನಡೆಸುವ ಆಂಬುಲೆನ್ಸ್‌ನಿಂದ ರೋಗಿಗಳು ಬದುಕುಳಿಯುವುದು ಜಾಸ್ತಿಯಾಗುತ್ತದೆಯೇ, ಇಲ್ಲ ಸುಮ್ನೆ ಒಂದು ಸಮಾಧಾನವೇ ಎಂದು ಕೇಳಿದ್ದೀರಿ. ನಾನೂ ಇಂಥ ಒಂದು ತಂಡದಲ್ಲಿದ್ದೇನೆ. ನನ್ನ ಉತ್ತರ: ಕೆಲವು ಸಂದರ್ಭಗಳಲ್ಲಿ ಖಂಡಿತ ಹೌದು. ಮೊದಲ ಕೆಲವು ನಿಮಿಷದಲ್ಲೇ ಎಲ್ಲ ತೀರ್ಮಾನವಾಗುವ ಸಂದರ್ಭಗಳವು.

ಹೃದಯ ದಿಢೀರನೆ ನಿಂತರೆ ಏನಾಗುತ್ತದೆ ನೋಡಿ. ಎದೆ ಒತ್ತುವವರು, ಶಾಕ್ ಕೊಡುವವರು ಯಾರೂ ಇಲ್ಲದಿದ್ದರೆ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಸುಮಾರು ಶೇ. 7ರಿಂದ 10ರಷ್ಟು ಇಳಿಯುತ್ತಾ ಹೋಗುತ್ತದೆ. ದೊಡ್ಡ ಆಂಬುಲೆನ್ಸ್ ಹತ್ತು ನಿಮಿಷಕ್ಕೆ ಬಂದರೂ ಅಷ್ಟರಲ್ಲಿ ತಡವಾಗಿರಬಹುದು. ಪಕ್ಕದ ಬೀದಿಯ ಸ್ವಯಂಸೇವಕ ಎಇಡಿ ಪೆಟ್ಟಿಗೆ (ಹೃದಯಕ್ಕೆ ವಿದ್ಯುತ್ ಶಾಕ್ ಕೊಡುವ ಸಣ್ಣ ಯಂತ್ರ) ಹಿಡಿದು ಮೂರು ನಿಮಿಷಕ್ಕೆ ಬಂದರೆ ಲೆಕ್ಕವೇ ಬೇರೆ. ಅಮೆರಿಕದ ಕ್ಯಾಸಿನೋಗಳಲ್ಲಿ ಭದ್ರತಾ ಸಿಬ್ಬಂದಿಗೆ ಎಇಡಿ ಬಳಸಲು ಕಲಿಸಿದ್ದರು. 2000ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಶಾಕ್‌ನಿಂದ ಸರಿಹೋಗುವಂಥ ಹೃದಯ ಸ್ತಂಭನವಾಗಿ, ಕುಸಿದ ಮೂರು ನಿಮಿಷದೊಳಗೆ ಮೊದಲ ಶಾಕ್ ಸಿಕ್ಕವರಲ್ಲಿ ಶೇ. 74 ಮಂದಿ ಬದುಕಿದರು. ಆಮೇಲೆ ಸಿಕ್ಕವರಲ್ಲಿ ಶೇ. 49. ಶಾಕ್ ಕೊಟ್ಟ ಆ ಸಿಬ್ಬಂದಿ ಯಾರೂ ಡಾಕ್ಟರಲ್ಲ!

ಆದರೆ ಎಲ್ಲ ಕಡೆ ಇಷ್ಟು ಚೆನ್ನಾಗಿ ಬರುವುದಿಲ್ಲ. ಸ್ವೀಡನ್‌ನ ಸ್ಟಾಕ್‌ಹೋಮ್‌ನಲ್ಲಿ ಸಿಪಿಆರ್ (ಎದೆ ಒತ್ತಿ, ಉಸಿರು ಕೊಟ್ಟು ಜೀವ ಹಿಡಿದಿಡುವುದು) ಕಲಿತ ಜನಸಾಮಾನ್ಯರಿಗೆ ಮೊಬೈಲ್ ಮೂಲಕ ಕರೆ ಕಳಿಸಿ ನೋಡಿದರು. ಆಂಬುಲೆನ್ಸ್ ಬರುವ ಮೊದಲೇ ಸಿಪಿಆರ್ ಸಿಕ್ಕವರ ಪ್ರಮಾಣ ಶೇ. 48ರಿಂದ 62ಕ್ಕೆ ಏರಿತು. ಬದುಕುಳಿದವರ ಸಂಖ್ಯೆಯಲ್ಲಿ ಮಾತ್ರ ಖಚಿತವಾಗಿ ಹೇಳುವಷ್ಟು ವ್ಯತ್ಯಾಸ ಕಾಣಲಿಲ್ಲ. ಇದನ್ನು ಮುಚ್ಚಿಡಬಾರದು. ಸಹಾಯ ಬೇಗ ಸಿಗುವುದು ಬೇರೆ, ರೋಗಿ ಎದ್ದು ಮನೆಗೆ ಹೋಗುವುದು ಬೇರೆ, ಅಲ್ವಾ?

ನನಗೆ ತುಂಬಾ ಧೈರ್ಯ ಕೊಟ್ಟಿದ್ದು ಉತ್ತರ ಇರಾಕ್ ಮತ್ತು ಕಾಂಬೋಡಿಯಾದ ಕೆಲಸ. ನೆಲಬಾಂಬ್ ತುಂಬಿದ ಹಳ್ಳಿಗಳು. ಆಸ್ಪತ್ರೆ ಗಂಟೆಗಟ್ಟಲೆ ದೂರ. ಅಲ್ಲಿ ಹಳ್ಳಿಯವರಿಗೇ ರಕ್ತ ನಿಲ್ಲಿಸುವುದು, ಉಸಿರಾಟದ ದಾರಿ ತೆರೆದಿಡುವುದು ಕಲಿಸಿ, ಅವರ ಬೆನ್ನಿಗೆ ತರಬೇತಾದ ಪ್ಯಾರಾಮೆಡಿಕ್‌ಗಳನ್ನು ನಿಲ್ಲಿಸಿದರು. 1997ರಿಂದ 2001ರ ಹೊತ್ತಿಗೆ ಗಾಯಾಳುಗಳ ಸಾವು ಶೇ. 40ರಿಂದ ಸುಮಾರು 15ಕ್ಕೆ ಇಳಿಯಿತು. ಮೊದಲು ಏನೇನೂ ಇಲ್ಲದ ಜಾಗದಲ್ಲಿ ಇಂಥ ಸೇವೆಯ ಬೆಲೆ ಜಾಸ್ತಿ. ವೃತ್ತಿಪರ ಆಂಬುಲೆನ್ಸ್ ಐದು ನಿಮಿಷಕ್ಕೆ ಬರುವ ಕಡೆ ಅಷ್ಟು ದೊಡ್ಡ ಬದಲಾವಣೆ ಕಾಣುವುದು ಕಷ್ಟ.

ದುಬಾರಿ ಸಲಕರಣೆ ಇಲ್ಲದಿದ್ದರೆ ಏನು ಪ್ರಯೋಜನ ಎಂದು ಕೆಲವರು ಕೇಳುತ್ತಾರೆ. ಕೆನಡಾದ ಒಂಟಾರಿಯೋದಲ್ಲಿ, ಬೇಗ ಶಾಕ್ ಕೊಡುವ ವ್ಯವಸ್ಥೆ ಆಗಲೇ ಇದ್ದ ಕಡೆ, ಗಂಟಲಿಗೆ ನಳಿಕೆ ಹಾಕುವುದು, ರಕ್ತನಾಳಕ್ಕೆ ಔಷಧಿ ಕೊಡುವುದು ಎಲ್ಲ ಸೇರಿಸಿದರೂ ಹೃದಯ ನಿಂತವರು ಬದುಕುವುದು ಹೆಚ್ಚಲಿಲ್ಲ. 2004ರಲ್ಲಿ ಬಂದ ಫಲಿತಾಂಶ ಇದು. ಹಾಗಾಗಿ ನಮ್ಮಂಥ ತಂಡಕ್ಕೆ ಹಣ ಸಿಕ್ಕರೆ ಮೊದಲು ಎಇಡಿಗೆ, ತರಬೇತಿಗೆ ಹೋಗಬೇಕು ಎನ್ನುವವನು ನಾನು. ಸಿಪಿಆರ್ ಕೈಚಳಕ ಕೆಲವೇ ತಿಂಗಳಲ್ಲಿ ಮಂಕಾಗುತ್ತದೆ. ಮತ್ತೆ ಮತ್ತೆ ಅಭ್ಯಾಸ ಮಾಡಿಸದ ತಂಡ ರೋಗಿಗೆ ಅಪಾಯವೇ.

ನಿಮ್ಮ ಕಡೆಯ ಸೇವೆಯನ್ನು ಅಳೆಯಬೇಕಿದ್ದರೆ ಎಷ್ಟು ಬೇಗ ಬಂದರು ಎಂದಷ್ಟೇ ಕೇಳಬೇಡಿ. ಎಷ್ಟು ಜನ ಆಸ್ಪತ್ರೆಯಿಂದ ಜೀವಂತ ಹೊರಬಂದರು, ಮಿದುಳಿಗೆ ಹಾನಿಯಾಗದೆ ಉಳಿದವರೆಷ್ಟು ಎಂದು ಕೇಳಿ. ಕರೆ ಬಂದಾಗ ವೃತ್ತಿಪರ ಆಂಬುಲೆನ್ಸ್‌ಗೂ ಅದೇ ಕ್ಷಣ ಸುದ್ದಿ ಹೋಗುತ್ತದೆಯೇ, ರಾತ್ರಿ ಎರಡಕ್ಕೂ ಯಾರಾದರೂ ಸಿಗುತ್ತಾರೆಯೇ ಎಂದೂ ವಿಚಾರಿಸಿ.